ಗಾಡಿಗೆ ತಗೊಂಡ ಎಣ್ಣಿ

ನಮ್ಮ ಕಡೆ ಒಗ್ಗರಣೆಗೆ ಹಾಕುವುದೂ ಎಣ್ಣಿ, ತಲೆಗೆ ಹಚ್ಚುವುದೂ ಎಣ್ಣಿ, ಬೆಳೆಗೆ ಹೊಡೆಯುವ ಕೀಟನಾಶಕವೂ ಎಣ್ಣಿ. ಯಾವ ಎಣ್ಣಿ ಎಂದು ಯಾರೂ ಬಿಡಿಸಿ ಕೇಳುವುದಿಲ್ಲ. ಹಚ್ಚಿಕೊಂಡ ಎಂದರೆ ತಲೆಗೆ, ಹೊಡೆದ ಎಂದರೆ ಹೊಲಕ್ಕೆ. ‘ಎಣ್ಣಿ ತಗೊಂಡ’ ಎಂದರೆ ಮಾತ್ರ ಕೇಳಿದವರು ಎದ್ದು ನಿಂತು ಚಪ್ಪಲಿ ಹುಡುಕುತ್ತಾರೆ, ಯಾವ ದವಾಖಾನೆಗೆ ಒಯ್ದರು ಎಂದು ವಿಚಾರಿಸುತ್ತಾರೆ.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮ ಮಸಗುಪ್ಪಿಯ ನಮ್ಮ ಹೊಲದಲ್ಲಿ ಎಣ್ಣಿ ತಗೊಂಡ. ಆ ಹೊಲವನ್ನು ಪಾಲಿಗೆ ಮಾಡುವ ಕಾಕಾ ನನಗೆ ಫೋನ್ ಮಾಡಿ ಅಂದದ್ದು ಇಷ್ಟೇ: “ಅಕ್ಕಾರ, ತಮ್ಮ ಎಣ್ಣಿ ತಗೊಂಡಾನ್ರಿ.” ಆ ದನಿ, ಆ ಮಾತು ನನ್ನ ಕಿವಿಯಿಂದ ಹೋಗಿಲ್ಲ. ದವಾಖಾನೆಗೆ ಹೋಗುವ ದಾರಿಯುದ್ದಕ್ಕೂ ಅವನು ನನ್ನ ತೊಡೆಯ ಮೇಲೆ ತಲೆಯಿಟ್ಟು “ಏನೂ ತಗೊಂಡಿಲ್ಲಕ್ಕಾ, ಸುಮ್ನ ಹೊಟ್ಟಿನೂಸ್ತೈತಿ” ಎನ್ನುತ್ತಿದ್ದ. ಬದುಕಿಕೊಂಡ.

ಬದುಕಿದ ಮೇಲೆ ಮಂದಿ ಬಂದರು. ಕೈಯಲ್ಲಿ ಎಳನೀರು, ಬಾಯಲ್ಲಿ ಒಂದೇ ಪ್ರಶ್ನೆ. ಯಾಕೆ? ಸಾಲ ಇತ್ತೇ, ಯಾವುದಾದರೂ ಹುಡುಗಿಯೇ, ಕುಡಿತವೇ? ಮೂರೂ ಅಲ್ಲ. ಗೋಕಾಕದ ಒಂದು ಅಂಗಡಿಯಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಕೆಲಸ ಮಾಡಿಕೊಂಡಿದ್ದ, ಮದುವೆ ಒಲ್ಲೆ ಎಂದಿದ್ದ, ರಾತ್ರಿ ಊಟಕ್ಕೆ ಹೊತ್ತಿಗೆ ಸರಿಯಾಗಿ ಬರುತ್ತಿದ್ದ. ಒಮ್ಮೆ ನಾನೇ ಕೇಳಿದೆ. “ಗೊತ್ತಿಲ್ಲಕ್ಕಾ. ಅವತ್ತ ಎಲ್ಲಾ ಭಾಳ ದೂರ ಕಂಡಂಗಾತು” ಅಂದ. ಒಂದು ಕಾರಣ ಇದ್ದಿದ್ದರೆ ಆ ಕಾರಣವನ್ನಾದರೂ ಬೈದು ಹಗುರಾಗಬಹುದಿತ್ತು. ನಮಗೆ ಆ ಭಾಗ್ಯವೂ ಇರಲಿಲ್ಲ.

ಗೋಕಾಕದ ಮನೆಯಲ್ಲಿ ನಾವು ಮೂವರೇ. ಅವ್ವ, ತಮ್ಮ, ಗಂಡನ ಮನೆ ಸಾಕೆಂದು ಬಿಟ್ಟು ಬಂದ ನಾನು. ಅರಭಾವಿಯ ಕಾಲೇಜಿನಲ್ಲಿ ನನ್ನದು ಗುಮಾಸ್ತೆ ಕೆಲಸ. ಮುಂಜಾನೆ ಬಸ್ಸು ಹತ್ತಿದರೆ ಸಂಜೆಗೆ ಇಳಿಯುವವಳು. ಹೀಗಾಗಿ ಕಾವಲು ಅವ್ವನ ಪಾಲಿಗೆ ಬಂತು. ಅವಳು ಫಿನಾಯಿಲು, ಸೀಮೆಎಣ್ಣೆ, ಇಲಿ ಪಾಷಾಣ ಎಲ್ಲವನ್ನೂ ಟ್ರಂಕಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯ ಪುಟಾಣಿ ಬಾಟಲಿಯನ್ನೂ ಬಿಡಲಿಲ್ಲ. ಯಂತ್ರ ಕಿರುಗುಟ್ಟಿ ಕಿರುಗುಟ್ಟಿ ಕಡೆಗೆ ನಿಂತೇಹೋಯಿತು. ‘ಎಣ್ಣಿ’ ಎಂಬ ಮಾತೇ ಮನೆಯಿಂದ ಹೊರಟುಹೋಯಿತು. ಅಡುಗೆಮನೆಯಿಂದ ಅವ್ವ “ಆ ಡಬ್ಬಿ ಕೊಡ” ಎನ್ನುವಳು, ಕಿರಾಣಿ ಅಂಗಡಿಗೆ ನನ್ನನ್ನು ಕಳಿಸುವಾಗ “ಒಗ್ಗರಣಿದು ತೀರೇತಿ” ಎನ್ನುವಳು. ನನಗೆ ಸಿಟ್ಟು ಬರುತ್ತಿತ್ತು. ಮಾತನ್ನು ಟ್ರಂಕಿನಲ್ಲಿಟ್ಟರೆ ಆಗಿದ್ದು ಆಗಿಲ್ಲವಾಗುತ್ತದೆಯೇ? ಆದರೂ ನಾನೂ ಆ ಮಾತು ಆಡುತ್ತಿರಲಿಲ್ಲ.

ತಮ್ಮ ಮತ್ತೆ ಕೆಲಸಕ್ಕೆ ಹೋಗುತ್ತೇನೆ ಎಂದಾಗ ಅಂಗಡಿಯ ಮಾಲೀಕ “ಇನ್ನೊಂದಿಷ್ಟ ದಿನಾ ಆರಾಮ ಮಾಡಪಾ” ಎಂದು ಬೆನ್ನು ತಟ್ಟಿ ಕಳಿಸಿ, ಆ ಜಾಗಕ್ಕೆ ಬೇರೆಯವರನ್ನು ತಂದುಕೊಂಡ. ತಮ್ಮ ಮನೆಯಲ್ಲಿ ಕುಳಿತ. ಮೊಬೈಲು ನೋಡುತ್ತ ಕುಳಿತ. ಹಾಗೆ ನೋಡುವಾಗ ಅವನ ಕಣ್ಣಿಗೆ ಬಿದ್ದದ್ದು ಆ ಹಳೆಯ ಕಾಲದ ಎಂಜಿನ್ ಸೈಕಲ್ಲುಗಳು. ಮೋಟರ್ ಸೈಕಲ್ಲು ಇನ್ನೂ ಮೋಟರ್ ಸೈಕಲ್ಲಾಗುವ ಮೊದಲಿನವು. ಸಾದಾ ಸೈಕಲ್ಲು, ಅದರ ಹೊಟ್ಟೆಯಲ್ಲೊಂದು ಪುಟ್ಟ ಎಂಜಿನ್, ಹಿಂದಿನ ಗಾಲಿಗೆ ಒಂದು ಚರ್ಮದ ಪಟ್ಟಿ. ಒಂದು ದಿನ ನನ್ನ ಮುಖಕ್ಕೆ ಮೊಬೈಲು ಹಿಡಿದು, “ಅಕ್ಕಾ, ಇದನ್ನ ನಾ ಮಾಡ್ತೀನಿ” ಅಂದ. ಎಷ್ಟೋ ತಿಂಗಳಿಂದ ಅವನು ‘ನಾ’ ಎಂದು ಶುರುವಾಗುವ ಮಾತು ಆಡಿರಲಿಲ್ಲ. ಆ ಚಿತ್ರದಲ್ಲಿ ಏನಿದೆ ಎಂದು ನಾನು ನೋಡಲೂ ಇಲ್ಲ, ಮಾಡು ಅಂದೆ.

ಸೈಕಲ್ಲು ಹುಕ್ಕೇರಿಯಲ್ಲಿತ್ತು. ಸೋದರಮಾವನ ದನದ ಕೊಟ್ಟಿಗೆಯಲ್ಲಿ, ಮೇಲೆ ಎರಡು ಕಬ್ಬಿಣದ ಪಟ್ಟಿಯಿರುವ ಹಾಲಿನವರ ಡಬಲ್ ಬಾರ್ ಸೈಕಲ್ಲು ತೊಲೆಗೆ ನೇತುಬಿದ್ದಿತ್ತು. ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಮಾವ ತಮಾಷೆಯ ಮನುಷ್ಯ. ಧೂಳು ಜಾಡಿಸಿ ಕೆಳಗಿಳಿಸುತ್ತ, “ಇದನ್ನ ಹತ್ತಿ ಎಲ್ಲಿಗೆ ಹೊಂಟೀಪಾ, ಸೀದಾ ಕೈಲಾಸಕ್ಕ?” ಎಂದುಬಿಟ್ಟ. ಅತ್ತೆ ಕೈಯಲ್ಲಿದ್ದ ಚಹದ ಕಪ್ಪು ಹಾಗೇ ಹಿಡಿದು ನಿಂತಳು. ಮಾವನ ಮುಖ ಬಿಳಿಚಿಕೊಂಡಿತು. ತಮ್ಮ ಮಾತ್ರ ಗಾಲಿ ತಿರುಗಿಸಿ ನೋಡುತ್ತ, “ಇಲ್ಲ ಮಾಮಾ, ಮಸಗುಪ್ಪಿ ತನಕ ಮುಟ್ಟಿದ್ರ ಸಾಕು” ಅಂದ. ಸುಮ್ಮನೆ ಹೇಳಿದ ಮಾತಲ್ಲ ಅದು. ಒಬ್ಬನೇ ಹೊಲಕ್ಕೆ ಹೋಗಿ ಒಬ್ಬನೇ ಮರಳಿ ಬರಬೇಕು ಎಂಬುದು ಅವನ ಹಟ. ಅಲ್ಲಿಗೇ ಹೋಗಿ, ಅಲ್ಲಿಂದಲೇ ಬರಬೇಕು. ಬಂದರೆ ಅವ್ವ ಕೀಲಿ ಬಿಚ್ಚಿಡುತ್ತಾಳೆ, ಮಾಲೀಕ ಕೆಲಸ ಕೊಡುತ್ತಾನೆ, ಮಂದಿ ಅವನೊಂದಿಗೆ ಮಾತಾಡುವಾಗ ದನಿ ಇಳಿಸುವುದನ್ನು ಬಿಡುತ್ತಾರೆ ಎಂದು ಅವನ ಲೆಕ್ಕ.

ಎಂಜಿನ್ ಎಲ್ಲಿಂದ ತರುತ್ತಾನೋ ಎಂದುಕೊಂಡಿದ್ದೆ. ಅದು ಮನೆಯ ಹಿತ್ತಿಲಲ್ಲೇ ಇತ್ತು. ಬೆನ್ನಿಗೆ ಹೊತ್ತುಕೊಂಡು ಬೆಳೆಗೆ ಔಷಧ ಹೊಡೆಯುವ ಪಂಪು. ಆ ಘಟನೆಯ ನಂತರ ಅವ್ವ ಹೊಲದಿಂದ ತರಿಸಿ ಗೋಣಿಚೀಲ ಹೊದಿಸಿ ಬಿಸಾಕಿದ್ದಳು, ಮಾರಲೂ ಮನಸ್ಸಾಗದೆ, ನೋಡಲೂ ಮನಸ್ಸಾಗದೆ. ತಮ್ಮ ಅದನ್ನು ಅಂಗಳಕ್ಕೆ ಎಳೆದು ತಂದು ಬಿಚ್ಚಿದ. ಔಷಧ ತುಂಬುವ ಟಾಕಿ, ಪೈಪು, ಬೆನ್ನಿನ ಪಟ್ಟಿಗಳನ್ನೆಲ್ಲ ಗುಜರಿಗೆ ಹಾಕಿ ಎಂಜಿನ್ ಒಂದನ್ನು ಇಟ್ಟುಕೊಂಡ. ಸೋಪಿನ ನೀರಿನಲ್ಲಿ ತೊಳೆದ, ಮತ್ತೆ ತೊಳೆದ. ಅದರ ವಾಸನೆ ಹೋಗುವವರೆಗೆ ಅವ್ವ ಅಂಗಳಕ್ಕೆ ಬರಲಿಲ್ಲ. “ಅದೊಂದ ಬಿಟ್ಟ ಬ್ಯಾರೇ ಎಂಜಿನ್ ಸಿಗಲಿಲ್ಲೇನ ನಿನಗ?” ಎಂದು ನಾನು ರೇಗಿದೆ. “ಎಂಜಿನ್ ಏನ ಮಾಡೇತಿ ಅಕ್ಕಾ? ಅದು ತಿರಗತೈತಿ, ಅಷ್ಟ” ಅಂದ. ಅವನ ಮಾತು ಸರಿಯಿತ್ತು, ಅದಕ್ಕೇ ನನ್ನ ಸಿಟ್ಟು ಇನ್ನೂ ಏರಿತು.

ಆಮೇಲೆ ಕೆಲಸ ಶುರುವಾಯಿತು. ಅವನು ಅಂಗಳದಲ್ಲಿ, ಅವ್ವ ಹೊಸ್ತಿಲ ಮೇಲೆ ಮೊರ ಹಿಡಿದು. ಬೇಳೆ ಆರಿಸುವ ನೆಪ. ಆರಿಸಿದ ಬೇಳೆಯನ್ನೇ ಮತ್ತೆ ಆರಿಸುತ್ತಿದ್ದಳು. ತುಕ್ಕು ಬಿಡಿಸಲು ಸೀಮೆಎಣ್ಣೆ ಬೇಕಾದರೆ ಅವನು ಕೈ ಚಾಚುವನು, ಅವಳು ಟ್ರಂಕು ತೆಗೆದು ತಾನೇ ಚಿಂದಿಗೆ ಹನಿಸಿ ಕೊಡುವಳು. ಬಣ್ಣಕ್ಕೆ ಬೆರೆಸುವ ಥಿನ್ನರಿನದೂ ಅದೇ ಕಥೆ. ಅಷ್ಟೊಂದು ವಯಸ್ಸಿನ ಗಂಡಸು, ಮೀಸೆಯಲ್ಲಿ ಬಿಳಿ ಕೂದಲು ಬಂದವನು, ಚಿಂದಿಗೆ ಕಾಯುತ್ತ ಕೂಡುತ್ತಿದ್ದ. ಒಂದು ದಿನವೂ ಎದುರಾಡಲಿಲ್ಲ. ಎದುರಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಎಂಜಿನ್ನನ್ನು ಸೈಕಲ್ಲಿನ ಮೂರು ಮೂಲೆಯ ಚೌಕಟ್ಟಿನ ನಡುವೆ ಪಟ್ಟಿ ಹಾಕಿ ಕೂಡಿಸಿದ. ಹಿಂದಿನ ಗಾಲಿಯ ಕಡ್ಡಿಗಳಿಗೆ ಇನ್ನೊಂದು ಸಣ್ಣ ಗಾಲಿಯ ರಿಮ್ಮನ್ನು ಬಿಗಿದ, ಬೆಲ್ಟು ಓಡಲಿಕ್ಕೆ. ಎಂಜಿನ್ನಿನ ಕಡೆಯ ಪುಲ್ಲಿಯನ್ನು ಲೇಥಿನವನ ಬಳಿ ಮಾಡಿಸಿದ. ದೊಡ್ಡದಾಯಿತು, ಗಾಡಿ ಏರು ಏರಲಿಲ್ಲ. ಸಣ್ಣದು ಮಾಡಿಸಿದ, ಬೆಲ್ಟು ಜಾರಿತು. ಬೆಲ್ಟನ್ನು ಬಿಗಿ ಮಾಡಲು, ಸಡಿಲ ಮಾಡಲು ಒಂದು ಹಿಡಿಕೆ ಇಟ್ಟ. ಹಿಡಿಕೆ ಸಡಿಲ ಬಿಟ್ಟು ಹಗ್ಗ ಎಳೆದು ಎಂಜಿನ್ ಚಾಲೂ ಮಾಡಬೇಕು, ಪೆಡಲ್ ತುಳಿಯಬೇಕು, ಓಟ ಬಂದ ಮೇಲೆ ಹಿಡಿಕೆ ಎಳೆಯಬೇಕು. ಹ್ಯಾಂಡಲ್ಲನ್ನು ಕಾಯಿಸಿ ಕೆಳಗೆ ಬಾಗಿಸಿದ. ಮುಂದೆ ಹಿತ್ತಾಳೆಯ ಹಳೆಯ ದೀಪ, ಮೇಲೆ ಗಾಢ ಹಸಿರು ಬಣ್ಣ, ಅದರ ಅಂಚಿಗೆ ಬಂಗಾರದ ಬಣ್ಣದ ಸಣ್ಣ ಗೆರೆ. ಗೆರೆ ಎಳೆಯುವಾಗ ಉಸಿರು ಹಿಡಿಯುತ್ತಿದ್ದ, ಅವನ ಜೊತೆ ನಾನೂ ಹಿಡಿಯುತ್ತಿದ್ದೆ.

ಪೆಟ್ರೋಲು ಮಾತ್ರ ದೊಡ್ಡ ತಲೆನೋವಾಯಿತು. ಆ ಎಂಜಿನ್ನಿಗೆ ಬರೀ ಪೆಟ್ರೋಲು ಹಾಕುವಂತಿಲ್ಲ, ಅದರಲ್ಲಿ ಎಂಜಿನ್ ಎಣ್ಣೆ ಬೆರೆಸಬೇಕು. ಎರಡನ್ನೂ ನಾನೇ ತರುತ್ತಿದ್ದೆ, ನಾನೇ ಬೆರೆಸುತ್ತಿದ್ದೆ, ಉಳಿದದ್ದನ್ನು ಟ್ರಂಕಿಗೆ ಹಾಕುತ್ತಿದ್ದೆ. ಎಣ್ಣೆಗೆ ನಾವು ‘ಕೆಂಪಂದು’ ಎನ್ನುತ್ತಿದ್ದೆವು, ಅದರ ಬಣ್ಣ ಹಿಡಿದು. ಒಮ್ಮೆ ಅವನು ನಕ್ಕು, “ಗಾಡಿ ನಾ ಕಟ್ಟೇನಿ ಖರೆ, ಆದ್ರ ಅದು ಎಲ್ಲಿ ತನಕ ಓಡಬೇಕನ್ನೂದು ನಿನ್ನ ಕೈಯಾಗೈತಿ” ಅಂದ. ನಗುತ್ತ ಅಂದದ್ದೇ ಹೆಚ್ಚು ಚುಚ್ಚಿತು.

ಎಂಜಿನ್ ಮೊದಲ ಸಲ ಚಾಲೂ ಆದ ದಿನ ಓಣಿಯ ನಾಯಿಗಳೆಲ್ಲ ಬೊಗಳಿದವು. ಅಂಗಳದ ತುಂಬ ನೀಲಿ ಹೊಗೆ. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು “ಸಾಕ ಮಾಡೋ ಮಾರಾಯಾ” ಎನ್ನುತ್ತಿದ್ದಳು. ತಮ್ಮ ನಗುತ್ತಿದ್ದ, ಹಲ್ಲು ಕಾಣುವ ಹಾಗೆ. ನಾನು ಒಳಗೆ ಹೋಗಿ ಹೊಗೆಯನ್ನು ಬೈದು ಕಣ್ಣೊರೆಸಿಕೊಂಡೆ. ಸಂತೋಷವಾಗಿತ್ತು, ಅದನ್ನು ಯಾಕೆ ಮುಚ್ಚಿಡಲಿ?

ಕೆಲವು ದಿನ ಓಣಿಯಲ್ಲಿ, ಆಮೇಲೆ ಜಲಪಾತಕ್ಕೆ ಹೋಗುವ ಫಾಲ್ಸಿನ ರಸ್ತೆಯಲ್ಲಿ ಓಡಿಸಿದ. ಕಡೆಗೆ ಮಸಗುಪ್ಪಿಗೆ ಹೋಗುವ ದಿನ ಬಂತು. ಮುಂಜಾನೆ ಹೋಗಿ ಮಧ್ಯಾಹ್ನದ ಊಟಕ್ಕೆ ಬರುತ್ತೇನೆಂದ. ಅವ್ವ ಹಣೆಗೆ ವಿಭೂತಿ ಹಚ್ಚಿ ಕಳಿಸಿದಳು. ನಾನು ಎಂಜಿನ್ನಿನ ಪುಟ್ಟ ಟಾಕಿ ತುಂಬಿಸಿ ಬಸ್ಸು ಹಿಡಿದೆ. ಬಸ್ಸಿನಲ್ಲಿ ಕುಳಿತು ಹೊಲದ ಕಾಕಾನಿಗೆ ಫೋನ್ ಮಾಡಿ, ತಮ್ಮ ಬಂದ ಕೂಡಲೇ ತಿಳಿಸಿರಿ ಎಂದೆ. ಇದು ತಮ್ಮನಿಗೆ ಗೊತ್ತಿರಲಿಲ್ಲ.

ಕಾಕಾ ಒಳ್ಳೆಯವನು. ಆದರೆ ಮಾತನ್ನು ಸೋಸಿ ಆಡುವ ಅಭ್ಯಾಸ ಅವನಿಗಿಲ್ಲ. ನಾನು ಕಾಲೇಜಿನಲ್ಲಿ ಫೈಲು ತಿರುವುತ್ತಿದ್ದಾಗ ಫೋನ್ ಬಂತು. ಗಾಳಿಯ ಸದ್ದು, ತುಂಡು ತುಂಡು ದನಿ. “ಅಕ್ಕಾರ... ತಮ್ಮ ಬಂದಿದ್ದ... ಎಣ್ಣಿ ತಗೊಂಡಾನ್ರಿ...” ಅಷ್ಟಕ್ಕೆ ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ. ತಮ್ಮನಿಗೆ ಹಚ್ಚಿದೆ, ರಿಂಗಾಯಿತು, ಎತ್ತಲಿಲ್ಲ.

ಅದೇ ಮನುಷ್ಯ, ಅದೇ ಹೊಲ, ಅದೇ ಮಾತು. ಯಾರಾದರೂ ನನ್ನ ಜಾಗದಲ್ಲಿ ನಿಂತು ಬೇರೆ ಅರ್ಥ ಮಾಡಿ ತೋರಿಸಲಿ, ಕಾಲು ಮುಟ್ಟಿ ನಮಸ್ಕಾರ ಮಾಡುತ್ತೇನೆ.

ಆಂಬುಲೆನ್ಸಿಗೆ ಹೇಳಿದೆ. ಪಕ್ಕದ ಮನೆಯಾಕೆಗೆ ಫೋನ್ ಮಾಡಿ, ಅವ್ವನ ಹತ್ತಿರ ಹೋಗಿ ಕೂಡ್ರಿ ಎಂದೆ. ಯಾಕೆಂದು ಕೇಳಿದಳು. ಹೇಳಿದೆ. ಗೇಟಿನ ಮುಂದೆ ಮಂದಿ ತುಂಬಿಕೊಂಡು ಮೂಡಲಗಿಗೆ ಹೊರಟಿದ್ದ ಟಂಟಂ ರಿಕ್ಷಾ ಸಿಕ್ಕಿತು. ಒಳಗಿದ್ದವರು ನನ್ನ ಮುಖ ನೋಡಿ ಏನೆಂದು ಕೇಳಿದರು, ಅವರಿಗೂ ಹೇಳಿದೆ. ಡ್ರೈವರು ನಡುವೆ ಯಾರಿಗೂ ನಿಲ್ಲಿಸದೆ ಓಡಿಸಿದ.

ದಾರಿಯಲ್ಲಿ ಎದುರಿನಿಂದ ಹಸಿರು ಸೈಕಲ್ಲು ಬಂತು. ತಮ್ಮ ನೆಟ್ಟಗೆ ಕುಳಿತಿದ್ದ, ಅಂಗಿ ಗಾಳಿಗೆ ಉಬ್ಬಿತ್ತು, ನನ್ನನ್ನು ಕಂಡು ಕೈ ಎತ್ತಿದ. ನಾನು ಟಂಟಂ ನಿಲ್ಲುವ ಮೊದಲೇ ಜಿಗಿದೆ. ಅವನು ಹಿಡಿಕೆ ಬಿಟ್ಟು ನಿಲ್ಲಿಸಿದ. ರಟ್ಟೆ ಹಿಡಿದು, “ಏನ ತಗೊಂಡೀ? ಎಷ್ಟ ತಗೊಂಡೀ?” ಎಂದು ಕಿರುಚಿದೆ.

ಅವನಿಗೇನೂ ತಿಳಿಯಲಿಲ್ಲ. ನಗುಮುಖದಲ್ಲೇ ಹೇಳಿದ: “ಎಣ್ಣೀನಾ? ಸ್ವಲ್ಪ ತಗೊಂಡ್ನಿ ಅಕ್ಕಾ, ಕಾಕಾನ ಕಡೆ. ನೀ ಕೊಟ್ಟಿದ್ದು ಸಾಲಲಿಲ್ಲ, ಅದಕ್ಕ...”

ಅಷ್ಟು ದಿನ ಕೆಂಪಂದು ಕೆಂಪಂದು ಎನ್ನುತ್ತಿದ್ದವನು ಅವತ್ತು ಆ ಮಾತು ಆಡಿದ. ಒಬ್ಬನೇ ಅಷ್ಟು ದೂರ ಹೋಗಿ ಬಂದ ಖುಷಿಯಲ್ಲಿ ಮಾತಿನ ಮೇಲಿನ ಕಾವಲು ಸಡಿಲಾಗಿತ್ತೋ ಏನೋ. ಟಂಟಂನಲ್ಲಿದ್ದವರು ಕೇಳಿಸಿಕೊಂಡರು, ಇಳಿದು ಬಂದರು. ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ಓಡಿ ಬಂದರು. ಇಬ್ಬರು ಅವನನ್ನು ಹಿಡಿದು ಕೂಡಿಸಿದರು, ಒಬ್ಬಳು ಪಕ್ಕದ ಚಹದಂಗಡಿಯಿಂದ ತಂಬಿಗೆಯಲ್ಲಿ ಉಪ್ಪಿನ ನೀರು ಕಲಸಿಕೊಂಡು ಬಂದಳು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಕಲಿಸಬೇಕಿಲ್ಲ, ಎಲ್ಲರಿಗೂ ಗೊತ್ತು.

“ಗಾಡಿಗೆರೀ! ಗಾಡಿಗೆ ತಗೊಂಡೇನಿ!” ಎಂದು ಅವನು ಒದರಾಡಿದ.

“ಕುಡದವ್ರೆಲ್ಲಾ ಕುಡದಿಲ್ಲಂತನ ಅಂತಾರ್ರೀ, ಬಾಯಿ ತಗಸ್ರಿ” ಅಂದ ಡ್ರೈವರು.

ಮೂಗು ಹಿಡಿದು ಕುಡಿಸಿದರು. ಅವನು ಕಾರಿಕೊಂಡ. ಮತ್ತೆ ಕುಡಿಸಿದರು. ಅವನ ಕಣ್ಣು ನನ್ನ ಮೇಲಿತ್ತು. ಗಾಡಿಗೆ ಎಂಬ ಮಾತು ನನಗೆ ಕೇಳಿಸಿತೇ ಎಂದರೆ ಕೇಳಿಸಿತು. ತಿಳಿಯಿತೇ ಎಂದರೆ ತಿಳಿಯಿತು ಕೂಡ. ನಂಬಲಿಲ್ಲ. ನನ್ನ ತೊಡೆಯ ಮೇಲೆ ಮಲಗಿ ಹೊಟ್ಟೆನೋವು ಎಂದವನನ್ನು ಹೇಗೆ ನಂಬಲಿ? ಅವನ ತಲೆಯನ್ನು ನಾನೇ ಒತ್ತಿ ಹಿಡಿದಿದ್ದೆ. ನಾಳೆ ಅದೇ ಮಾತು ಕಿವಿಗೆ ಬಿದ್ದರೆ ನಾಳೆಯೂ ಹಿಡಿಯುತ್ತೇನೆ.

ಆಂಬುಲೆನ್ಸಿನವನು ಬಂದು ಬಾಯಿ ಮೂಸಿ ನೋಡಿದ. ತಮ್ಮನ ಜೇಬಿನಲ್ಲಿದ್ದ, ಕಾಕಾ ಕೊಟ್ಟ ಪುಟ್ಟ ಬಾಟಲಿ ತೆಗೆದು ಮೂಸಿದ, ಸೈಕಲ್ಲಿನ ಟಾಕಿಯ ಮುಚ್ಚಳ ಬಿಚ್ಚಿ ಮೂಸಿದ. “ಇದ ಗಾಡಿ ಎಣ್ಣಿ ಐತ್ರಿ” ಅಂದ. ಉಪ್ಪಿನ ನೀರು ತಂದವಳು ತಂಬಿಗೆಯನ್ನು ಸೆರಗಿನ ಮರೆಗೆ ಹಿಡಿದುಕೊಂಡಳು. ಆದರೂ ಒಮ್ಮೆ ಡಾಕ್ಟರರಿಗೆ ತೋರಿಸಿಬಿಡಿ ಎಂದರು ಸುತ್ತ ನಿಂತವರು. ತಮ್ಮನಿಗೆ ನಿಲ್ಲಲು ಶಕ್ತಿಯಿರಲಿಲ್ಲ, ಎತ್ತಿ ಹಾಕಿಕೊಂಡರು. ಸೈಕಲ್ಲು ಗಟಾರದ ಅಂಚಿಗೆ ಬಿದ್ದಿತ್ತು. ಮರುದಿನ ಕಾಕಾ ಅದನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದು, ಅಂಗಳದಲ್ಲೇ ಇಳಿಸಿ ಹೋದ. ಹ್ಯಾಂಡಲ್ಲು ಸೊಟ್ಟಗಾಗಿದೆ. ತಮ್ಮ ಅದನ್ನು ಇವತ್ತಿಗೂ ನೆಟ್ಟಗೆ ಮಾಡಿಲ್ಲ.

ಗೋಕಾಕದ ದವಾಖಾನೆಯಲ್ಲಿ ಏನೂ ಇಲ್ಲವೆಂದು ಹೇಳಿ ಬಿಟ್ಟರು. ನಾನು ಪಕ್ಕದ ಮನೆಯಾಕೆಗೆ ಮೇಲಿಂದ ಮೇಲೆ ಫೋನ್ ಹಚ್ಚುತ್ತಿದ್ದೆ, ಎತ್ತುತ್ತಿರಲಿಲ್ಲ. ಯಾಕೆಂಬುದು ಓಣಿಯ ತಿರುವಿನಲ್ಲಿ ರಿಕ್ಷಾ ಇಳಿದಾಗ ತಿಳಿಯಿತು. ಮನೆಯ ಮುಂದೆ ಚಪ್ಪಲಿಗಳ ರಾಶಿ. ಒಳಗಿನಿಂದ ಹೆಂಗಸರ ಅಳು. ನಾನು ಹೇಳಿದ್ದು ‘ತಗೊಂಡಾನ’ ಎಂದು. ಓಣಿಯ ಆ ತುದಿ ಮುಟ್ಟುವಷ್ಟರಲ್ಲಿ ಅದು ‘ಹೋದನಂತೆ’ ಎಂದಾಗಿತ್ತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ನಡುಮನೆಯನ್ನು ಖಾಲಿ ಮಾಡಿದ್ದರು. ಮೂಡಣ ಗೋಡೆಗೆ ಹೊಂದಿಸಿ ಮಣೆ ಹಾಕಿದ್ದರು, ಒರಗಿಸಲು ದಿಂಬು, ಪಕ್ಕದಲ್ಲಿ ತಟ್ಟೆಯಲ್ಲಿ ವಿಭೂತಿ. ಅಪ್ಪನನ್ನು ಕೂಡಿಸಿದ್ದೂ ಅದೇ ಜಾಗದಲ್ಲಿ. ಅವ್ವ ಖಾಲಿ ಮಣೆಯ ಮುಂದೆ ಕುಳಿತು ಎದೆ ಬಡಿದುಕೊಳ್ಳುತ್ತಿದ್ದಳು, ಸೊಂಟದ ಕೀಲಿ ಸಪ್ಪಳ ಮಾಡುತ್ತಿತ್ತು.

ತಮ್ಮ ಬಾಗಿಲಲ್ಲಿ ನಿಂತ. ಅಳು ಒಬ್ಬೊಬ್ಬರದಾಗಿ ನಿಂತಿತು. ಎಲ್ಲರನ್ನೂ ನೋಡಿದ, ಮಣೆಯನ್ನು ನೋಡಿದ. ಅವನು ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ ಆ ಮಣೆಯ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ಚಕ್ಕಳಮಕ್ಕಳ ಹಾಕಿ ಕುಳಿತ. ಅಂಗಿಯ ತುಂಬ ಉಪ್ಪುನೀರಿನ ಕಲೆ. ಒಬ್ಬ ಮುದುಕಿ “ಶಿವಶಿವಾ, ಅಲ್ಲಿಂದ ಏಳಪಾ” ಅಂದಳು.

“ಯಾಕ?” ಅಂದ ತಮ್ಮ. “ನೀವೆಲ್ಲಾ ತಯಾರಾಗೀರಲ್ಲ. ನಾ ಒಬ್ಬಾಂವನ ಇನ್ನೂ ಆಗಿಲ್ಲ.”

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಅವ್ವ ಅವನ ಮೊಣಕಾಲು ಮುಟ್ಟಿದಳು, ಮುಖ ಮುಟ್ಟಿದಳು, ಬಿಸಿ ಇದೆಯೇ ಎಂದು ನೋಡುವವಳಂತೆ ಕುತ್ತಿಗೆ ಮುಟ್ಟಿದಳು. ಆಮೇಲೆ ಅವನು ದನಿ ಬದಲಿಸಿ, “ಹಸದೇತಿ ಅವ್ವಾ. ಊಟಕ್ಕ ಬರ್ತೀನಿ ಅಂದಿದ್ನಿ” ಅಂದ.

ಅವ್ವ ಎದ್ದು ಒಳಗೆ ಹೋದಳು. ಮುಂಜಾನೆ ಬಡಿದಿಟ್ಟ ರೊಟ್ಟಿ, ಬದನೆಕಾಯಿ ಪಲ್ಯ ತಂದು ಅವನ ಮುಂದಿಟ್ಟಳು. ಅಳಲು ಬಂದ ಹೆಂಗಸರೆಲ್ಲ ಸುತ್ತ ಕುಳಿತಂತೆಯೇ, ಅವನು ಆ ಮಣೆಯ ಮೇಲೆ ಕುಳಿತು ಉಂಡ. ನಿಧಾನವಾಗಿ, ಪ್ರತಿ ತುತ್ತನ್ನೂ ಎಲ್ಲರಿಗೂ ಕಾಣುವಂತೆ ಬಾಯಿಗಿಟ್ಟುಕೊಂಡು ಉಂಡ. ಎದ್ದು ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ತಾಟು ಖಾಲಿಯಾದಾಗ ತಲೆ ಎತ್ತಿ, ಅವ್ವನನ್ನಲ್ಲ, ನನ್ನನ್ನು ನೋಡಿದ.

“ಇನ್ನೊಂದ ರೊಟ್ಟಿ ತಾ” ಅಂದ.